ಅತ್ತೆಯ ಊಟ ಉಂಡ ವೆಕಾ

ಓವೆಂಗಾ, ಚಾಥಮ್ ದ್ವೀಪ
ಬುಧವಾರ, ಆಗಸ್ಟ್ 13, 1986

ಕೈಂಗರೋವಾದ ಸಿಗಡಿ ದೋಣಿಯ ಸರದಾರ, ಮನೆಯಲ್ಲಿಲ್ಲದಿದ್ದರೂ ಈ ಮನೆಯ ಯಜಮಾನ, ನನ್ನ ಗಂಡ ತಿಪೇನೆಗೆ,

ನಿನ್ನ ಚೀಟಿ ಶುಕ್ರವಾರ ಕೈಸೇರಿತು. ‘ಶನಿವಾರ ಹದಿನಾರರ ವಿಮಾನಕ್ಕೆ ಅವ್ವನನ್ನು ಸಿದ್ಧ ಮಾಡಿಡು. ಕ್ರೈಸ್ಟ್‌ಚರ್ಚ್‌ನ ವೃದ್ಧಾಶ್ರಮದಲ್ಲಿ ಹಾಸಿಗೆ ಗೊತ್ತುಮಾಡಿದ್ದೇನೆ. ನಾನೇ ಬಂದು ಕರೆದೊಯ್ಯುತ್ತೇನೆ. ಸ್ವೆಟರ್ ಮರೆಯಬೇಡ.’ ಆಹಾ, ಎಂಥ ಮಾತುಗಾರಿಕೆ! ನಮ್ಮಪ್ಪ ಹಳ್ಳಿಯ ಸಭಾಭವನದಲ್ಲಿ ನಾಟಕ ಆಡಿಸುತ್ತಿದ್ದಾಗ ಈಟಿ ಹಿಡಿದು ಮೂಲೆಯಲ್ಲಿ ನಿಲ್ಲುವ ಕಾವಲುಗಾರನಿಗೂ ಇದಕ್ಕಿಂತ ಉದ್ದದ ಮಾತು ಕೊಡುತ್ತಿದ್ದ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಿನ್ನವ್ವ ಶನಿವಾರ ಎಲ್ಲಿಗೂ ಹೋಗುವುದಿಲ್ಲ!

ಯಾಕೆಂದು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈ ದ್ವೀಪದಲ್ಲಿ ನಾನು ‘ಹಲೋ’ ಅನ್ನುವಷ್ಟರಲ್ಲಿ ಅದೇ ತಂತಿಯ ಮೇಲಿರುವ ಮನೆಮನೆಯವರೂ ಫೋನೆತ್ತಿ ಉಸಿರು ಬಿಗಿಹಿಡಿದು ಕೂರುತ್ತಾರೆ. ಪಕ್ಕದ ಮನೆಯ ನೋಲಾಗಂತೂ ಉಸಿರು ಬಿಗಿಹಿಡಿಯಲೂ ಬರುವುದಿಲ್ಲ. ಅವಳ ಗೊರಗೊರ ನಡುವೆ ನಿನ್ನ ಮಾತೇ ನನಗೆ ಕೇಳಿಸುವುದಿಲ್ಲ. ಆದ್ದರಿಂದ ಈ ಪತ್ರ. ನೋಲಾಳ ಗಂಡ ಪರ್ಸಿ ಇವತ್ತು ನಿಮ್ಮ ಕಡೆಗೆ ಕುರಿ ತರಲು ಲಾರಿ ಹೊರಡಿಸುತ್ತಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಗೋಂದು ಬಲವಾಗಿಯೇ ಮೆತ್ತಿದ್ದೇನೆ.

ಒಂದು ಮಾತು ಸ್ಪಷ್ಟವಿರಲಿ. ಇದು ನಿನ್ನ ತಾಯಿಯ ವಿಷಯ, ನನ್ನದಲ್ಲ. ನಾನು ಚೆನ್ನಾಗಿದ್ದೇನೆ. ಹಿತ್ತಿಲ ಕಡೆ ಸೂರು ಸೋರುತ್ತಿದೆ, ಅದು ಬೇರೆ ಮಾತು.

ಹೋದ ಬೇಸಿಗೆಯಲ್ಲಿ ಇದೇ ಮೇಜಿನ ಆ ಕಡೆ ನಿಂತು ನೀನು ‘ಅವ್ವ ಆಸ್ಪತ್ರೆ ಹತ್ತಿರ ಇರಬೇಕು’ ಅಂದೆ. ಈ ಕಡೆ ನಿಂತು ನಾನು ‘ಅವರು ಅವರ ಒಲೆ ಹತ್ತಿರ ಇರಬೇಕು’ ಅಂದೆ. ನಿನ್ನ ದನಿ ಏರಿತು, ನನ್ನದು ಅದಕ್ಕಿಂತ ಏರಿತು (ನನ್ನ ಗಂಟಲಿಗೆ ಸಾಟಿ ಯಾರು!), ಕಪಾಟಿನ ಬಟ್ಟಲುಗಳು ಗಲಗುಟ್ಟಿದವು. ನೀನು ದೋಣಿ ತೆಗೆದುಕೊಂಡು ದ್ವೀಪದ ಆ ತುದಿಗೆ ಹೋದೆ. ನಾಯಿಯನ್ನೂ ಕರೆದುಕೊಂಡು ಹೋದೆ. ತಾಯಿಯನ್ನು ಮಾತ್ರ ನನ್ನ ಹತ್ತಿರವೇ ಬಿಟ್ಟೆ, ಯಾಕೆಂದರೆ ಅವರು ಬರಲೊಪ್ಪಲಿಲ್ಲ. ಚಳಿಗಾಲ ಶುರುವಾಗುವಾಗ ಅವರಿಗೆ ಎದೆ ಕಟ್ಟಿತು, ವಿಮಾನದಲ್ಲಿ ಕ್ರೈಸ್ಟ್‌ಚರ್ಚ್ ಆಸ್ಪತ್ರೆಗೆ ಹೋದರು, ತಿಂಗಳ ಹಿಂದೆ ಗುಣವಾಗಿ ಮರಳಿದರು. ಇಲ್ಲಿಯವರೆಗಿನದು ನಿನಗೂ ಗೊತ್ತು. ಮುಂದಿನದು ಕೇಳು!

ಬಂದವರೇ ಅತ್ತೆ ಹಿತ್ತಿಲ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡರು. ‘ಊಟ ನಾನೊಬ್ಳೇ ಮಾಡ್ತೀನಿ ಕಣೇ. ಯಾರಾದ್ರೂ ಬಾಯಿ ನೋಡ್ತಾ ಕೂತ್ರೆ ನಂಗೆ ಗಂಟಲಲ್ಲಿ ಇಳಿಯಲ್ಲ’ ಅಂದರು. ಆಗಲಿ ಎಂದೆ. ಡಾಕ್ಟರು ಬರೆದುಕೊಟ್ಟಿದ್ದನ್ನೆಲ್ಲ ಮಾಡಿ ಹಾಕಿದೆ. ಓಟ್ಸ್ ಗಂಜಿ, ಕಸ್ಟರ್ಡ್, ಡಬ್ಬಿಯ ಪೀಚ್ ಹಣ್ಣು, ಬೆಣ್ಣೆ ಹಾಕಿ ಹಿಸುಕಿದ ಆಲೂಗಡ್ಡೆ. ತಟ್ಟೆ ಪ್ರತಿ ಸಲವೂ ನೆಕ್ಕಿದ ಹಾಗೆ ಖಾಲಿಯಾಗಿ ಬರುತ್ತಿತ್ತು. ನಾನು ಹಿಗ್ಗಿ ಹೀರೇಕಾಯಿಯಾದೆ. ಆದರೆ ಅಯ್ಯೋ ತಿಪೇನೆ, ತಟ್ಟೆ ಖಾಲಿಯಾದ ಹಾಗೆ ಅವರೂ ಖಾಲಿಯಾಗುತ್ತಾ ಹೋದರು! ಉಂಗುರ ಬೆರಳಿನಿಂದ ಜಾರಿತು. ಸ್ವೆಟರ್ ಗೂಟಕ್ಕೆ ನೇತುಹಾಕಿದ ಹಾಗೆ ತೂಗಾಡಿತು.

ನರ್ಸ್ ಬ್ರೆಂಡಾ ವಾರಕ್ಕೊಮ್ಮೆ ಬಂದು ತೂಕ ನೋಡುತ್ತಾಳೆ. ಹೊಸಬಳು, ಕ್ರೈಸ್ಟ್‌ಚರ್ಚ್ ಇರುವ ಆಚೆಯ ದೊಡ್ಡ ದ್ವೀಪದವಳು, ಕಟ್ಟುನಿಟ್ಟಿನ ಹುಡುಗಿ. ತಟ್ಟೆಯನ್ನೊಮ್ಮೆ ಅತ್ತೆಯನ್ನೊಮ್ಮೆ ನೋಡಿದಳು. ‘ಇವ್ರು ಚೆನ್ನಾಗಿ ತಿಂತಿದಾರೆ ಅಂತ ನೀವು ಹೇಳ್ತೀರಿ ಮೆರೆಯಾನಾ. ಇವ್ರ ಮೂಳೆಗಳು ಬೇರೆ ಏನೋ ಹೇಳ್ತಿವೆ’ ಅಂದಳು. ತುಂಬಿದ ಸಭೆಯಲ್ಲಿ ಕಳ್ಳಿ ಎನಿಸಿಕೊಂಡವಳಂತೆ ನಿಂತೆ ನಾನು. ಅವಳು ನಿನಗೆ ಫೋನು ಮಾಡಿದಳು, ನೀನು ಚೀಟಿ ಬರೆದೆ.

ಚೀಟಿ ಓದಿದ ಮಾರನೆಯ ದಿನ ಮಧ್ಯಾಹ್ನ ಅತ್ತೆಯ ಮುಂದೆ ತಟ್ಟೆಯಿಟ್ಟು, ಬಟ್ಟೆ ಒಗೆಯಲು ಹೋಗುತ್ತೇನೆ ಎಂದು ಎಲ್ಲರಿಗೂ ಕೇಳುವ ಹಾಗೆ ಸಾರಿ, ನೀರಿನ ತೊಟ್ಟಿಯ ಹಿಂದೆ ಅವಿತು ಕೂತೆ. ಕಿಟಕಿ ಮೆಲ್ಲನೆ ತೆರೆಯಿತು. ಕಡ್ಡಿಯಂಥ ಒಂದು ಕೈ ಹೊರಬಂತು. ಕೈಯಲ್ಲಿ ಚಮಚ. ಚಮಚದ ಕೆಳಗೆ, ಕತ್ತು ಚಾಚಿ, ಕೊಕ್ಕು ತೆರೆದು, ರಾಜಕುಮಾರನ ಗತ್ತಿನಲ್ಲಿ ನಿಂತಿತ್ತು ಒಂದು ವೆಕಾ!

ವೆಕಾ ಅಂದರೆ ಹೇಗಿರಬೇಕು? ಕಂದು ಬಣ್ಣ, ಹಾರಲು ಬಾರದ ರೆಕ್ಕೆ, ಕುದುರೆಯ ಓಟ, ಮೈತುಂಬ ಕಳ್ಳಬುದ್ಧಿ, ಗಾತ್ರದಲ್ಲಿ ಒಂದು ಬಡಕಲು ಕೋಳಿ. ಇದು ಆ ಜಾತಿಯೇ ಅಲ್ಲ. ಕೊಬ್ಬಿ ಬಾತುಕೋಳಿಯಾಗಿತ್ತು. ಹೊಟ್ಟೆ ಹುಲ್ಲನ್ನು ಸವರುತ್ತಿತ್ತು. ಅತ್ತೆ ಒಂದು ಚಮಚ ಕಸ್ಟರ್ಡ್ ಹಾಕುವುದು, ಅದು ನುಂಗುವುದು. ಒಂದು ಹೋಳು ಪೀಚ್ ಹಾಕುವುದು, ಅದು ನುಂಗುವುದು. ನಡುವೆ ಅತ್ತೆ ಮೆಲ್ಲನೆ ಗುನುಗುತ್ತಿದ್ದರು. ನೀನು ಚಿಕ್ಕವನಿದ್ದಾಗ ನಿನಗೆ ಹಾಡುತ್ತಿದ್ದರಂತಲ್ಲ, ಅದೇ ಲಾಲಿ.

ಆಮೇಲೆ ನಾನೇನು ಮಾಡಿದೆನೆಂದು ನೀನು ಊಹಿಸಬಲ್ಲೆ. ಪೊರಕೆ ಎತ್ತಿ, ತೊಟ್ಟಿಯ ಹಿಂದಿನಿಂದ ನುಗ್ಗಿ, ‘ಎಲವೋ ಕಳ್ಳ! ಮುದುಕಿ ಬಾಯಿಂದ ಅನ್ನ ಕಿತ್ಕೊಳ್ಳೋ ಪಾಪಿ!’ ಎಂದು ಗರ್ಜಿಸಿದೆ. ನೋಲಾ ತನ್ನ ಹಿತ್ತಿಲಲ್ಲಿ ಬಕೆಟ್ ಕೈಬಿಟ್ಟ ಸದ್ದು ಕೇಳಿಸಿತು. ವೆಕಾ ಒಮ್ಮೆ ನನ್ನತ್ತ ನೋಡಿ, ಅವಮಾನವಾದ ದೊಡ್ಡಮನುಷ್ಯನ ಹಾಗೆ ತೂಗುತ್ತಾ ತೂಗುತ್ತಾ ಬೇಲಿ ನುಸುಳಿ ಪರ್ಸಿಯ ಹುಲ್ಲುಗಾವಲಿಗೆ ಹೋಯಿತು.

ಅತ್ತೆ ಕಿಟಕಿಯಿಂದ ಕೂಗಿದರು. ‘ಬಡ್ಕೋಬೇಡ್ವೇ! ಯಾಕೇ ಓಡಿಸ್ದೆ? ಅದು ನನ್ನ ಮಗನ ಊಟ ಕಣೇ!’

ನಾನು ಪೊರಕೆ ಹಿಡಿದೇ ಒಳಗೆ ಬಂದೆ. ‘ನಿಮ್ಮ ಮಗನ ಊಟನಾ? ಅದು ನಿಮ್ಮ ಊಟ ತಿಂತಿತ್ತು ಅತ್ತೆ!’

‘ಹೂಂ ಮತ್ತೆ. ಆ ಗಂಜಿ ನನ್ನ ಹೊಟ್ಟೆಗೆ ಹೋದ್ರೆ ಗಂಜಿಯಾಗೇ ಇರುತ್ತೆ. ವೆಕಾ ಹೊಟ್ಟೆಗೆ ಹೋದ್ರೆ ವೆಕಾ ಆಗುತ್ತೆ. ಯಾವ್ದು ಮೇಲು ನೀನೇ ಹೇಳು.’

‘ಅತ್ತೆ, ಅದರ ಕೊಬ್ಬಿಗೆ ನೀವು ಮೂಳೆ ಚಕ್ಕಳ ಆಗಿದೀರಿ!’

‘ನಾಯೀನ ಅವ್ನು ಕರ್ಕೊಂಡು ಹೋದ. ಓಡಿ ಹಿಡಿಯೋಕೆ ನಂಗೆ ಕಾಲಿಲ್ಲ. ನಿಂಗೆ ಕಾಲಿದೆ, ಆದ್ರೆ ನೀನು ಬರ್ತಿರೋದು ಪಕ್ಕದೂರಿನ ವೆಕಾಗೂ ಕೇಳಿಸುತ್ತೆ. ಅದಕ್ಕೇ ಅದೇ ನನ್ನ ಹತ್ರ ಬರೋ ಹಾಗೆ ಮಾಡ್ದೆ. ಆಸ್ಪತ್ರೇಲಿದ್ದಾಗ್ಲೇ ಫೋನಲ್ಲಿ ಹೇಳಿದ್ನಲ್ಲ ನಿನ್ ಗಂಡ, ಚಳಿಗಾಲ ಮುಗಿಯೋದ್ರೊಳ್ಗೆ ಬಂದು ಕರ್ಕೊಂಡು ಹೋಗ್ತೀನಿ ಅಂತ. ಬರ್ತಾನಲ್ಲ. ಅಷ್ಟು ದೂರದಿಂದ ಬರೋನ್ನ ವೆಕಾ ಸಾರು ಹಾಕ್ದೆ ಬರಿ ಹೊಟ್ಟೇಲಿ ಕಳಿಸ್ಲಾ?’

ತಿಪೇನೆ, ಪೊರಕೆ ನನ್ನ ಕೈಯಿಂದ ಜಾರಿತು. ತಿಂಗಳಿಡೀ ಆ ಹೆಂಗಸು ಹಸಿದು ಕೂತಿದ್ದು ಇದಕ್ಕೆ. ತನ್ನನ್ನು ಈ ಮನೆಯಿಂದ ಎಬ್ಬಿಸಿ ಒಯ್ಯಲು ಬರುವ ಮಗನಿಗೆ ಒಂದು ಹೊತ್ತು ಒಳ್ಳೆಯ ಊಟ ಹಾಕಲು. ಎಷ್ಟೋ ನಾಟಕಗಳಲ್ಲಿ ಅತ್ತಿದ್ದೇನೆ, ಅಳಿಸಿದ್ದೇನೆ. ಅವತ್ತು ಅಳುವುದು ಬಿಟ್ಟು ಇನ್ನೊಂದು ಪೀಚ್ ಡಬ್ಬಿ ತೆರೆದೆ.

ಆಮೇಲಿನ ಎರಡು ದಿನ ವೆಕಾ ಬರಲಿಲ್ಲ. ನಾನು ಪೀಚ್ ಡಬ್ಬಿ ಹಿಡಿದು ಬೇಲಿಯುದ್ದಕ್ಕೂ ‘ಬಾರಪ್ಪಾ, ಬಾರೋ ರಾಜಾ, ನಂದೇ ತಪ್ಪು’ ಎಂದು ಕರೆಯುತ್ತಾ ಅಲೆದೆ. ಗಾಳಿಗೆ ಬಾಗಿದ ಅಕೆಅಕೆ ಮರಗಳು ಬಿಟ್ಟರೆ ಯಾರೂ ತಲೆದೂಗಲಿಲ್ಲ. ಇತ್ತ ಅತ್ತೆ ಕಿಟಕಿಯತ್ತಲೇ ಮುಖ ಮಾಡಿ ಕೂತುಬಿಟ್ಟರು. ಈಗ ತಟ್ಟೆ ತುಂಬಿದ ಹಾಗೆಯೇ ವಾಪಸು ಬರುತ್ತಿತ್ತು. ಚಹಾ ಕೂಡ ಬೇಡ.

‘ಅತ್ತೆ, ತಿನ್ನದಿದ್ರೆ ನಿಜವಾಗ್ಲೂ ಒಯ್ತಾರೆ ನಿಮ್ಮನ್ನ’ ಎಂದೆ.

‘ಅಲ್ಲಿ ಸಾಯೋದು ತಡ ಆಗುತ್ತೆ ಅಂತಾನೆ ನನ್ ಮಗ. ಇರಬಹುದು. ಆದ್ರೆ ಅಲ್ಲೀವರ್ಗೂ ಏನೇ ತಿನ್ನೋದು?’ ಅಂದರು. ಆಮೇಲೆ, ‘ಹೋಗ್ಲಿ ಬಿಡು, ಆ ಸೂಟ್‌ಕೇಸ್ ಇಳಿಸು’ ಅಂದರು.

ಸೋಮವಾರ ಸಂಜೆ ನಾನು ಸೂಟ್‌ಕೇಸ್ ಇಳಿಸಿದೆ. ಹೌದು, ನಾನೇ. ನಿನ್ನನ್ನು ಎದುರಿಸಿ ಬಟ್ಟಲುಗಳನ್ನು ನಡುಗಿಸಿದವಳು ಅವರ ಸ್ವೆಟರ್ ಮಡಿಸಿ ಇಟ್ಟೆ.

ಇನ್ನು ನಿನ್ನೆಯ ಮಾತು. ಮಧ್ಯಾಹ್ನ ಬಾಗಿಲು ಬಡಿದ ಸದ್ದು. ನೋಡಿದರೆ ಪರ್ಸಿ, ಕೈಯಲ್ಲಿ ಬಟ್ಟೆ ಮುಚ್ಚಿದ ಬಟ್ಟಲು. ಅತ್ತೆಗೆ ಹುಷಾರಿಲ್ಲ ಎಂದು ನೋಲಾ ಕಳಿಸಿದ್ದಳು.

‘ವೆಕಾ ಸಾರು, ಆಂಟಿ ರಾಹೆರಾಗೆ’ ಅಂದ. ‘ಏನ್ ಹೇಳ್ಲಿ ಮೆರೆ, ಇಂಥಾ ವೆಕಾ ನಾನ್ ಹುಟ್ಟಿದಾಗಿಂದ ನೋಡಿಲ್ಲ. ಓಡೋಕೇ ಆಗ್ಲಿಲ್ಲ ಅದಕ್ಕೆ ಪಾಪ. ನಮ್ ನಾಯಿ ನಡ್ಕೊಂಡು ಹೋಗಿ ಹಿಡ್ಕೊಂಡು ಬಂತು!’

ಅದು ಯಾವ ವೆಕಾ ಎಂದು ನನಗೆ ಹೊಳೆಯಿತು. ಬಟ್ಟಲನ್ನು ಎಲ್ಲಿ ಬಚ್ಚಿಡಲಿ? ಅಷ್ಟರಲ್ಲಿ ಒಳಗಿನಿಂದ, ‘ಏನದು ವಾಸನೆ? ತಾ ಇಲ್ಲಿ’ ಎಂದು ಅಪ್ಪಣೆಯಾಯಿತು.

ಅತ್ತೆ ಚಮಚ ಅದ್ದಿದರು, ಎತ್ತಿದರು, ಬೆಳಕಿಗೆ ಹಿಡಿದರು. ತುಟಿಗೆ ತಾಗಿಸಿದರು. ಪರ್ಸಿ ಟೋಪಿ ತೆಗೆದು ನಿಂತಿದ್ದ. ನಾನು ಕಣ್ಣು ಮುಚ್ಚಿದ್ದೆ.

‘ಪರ್ಸಿ.’

‘ಹೇಳಿ ಆಂಟಿ.’

‘ಕಡಲ ದಂಡೆ ಹುಳ ತಿಂದ ವೆಕಾ ಕೊಬ್ಬು ಯಾವ ಬಣ್ಣ?’

‘ಹಳದಿ ಆಂಟಿ.’

‘ಇದ್ಯಾವ ಬಣ್ಣ?’

ಪರ್ಸಿ ಬಗ್ಗಿ ನೋಡಿದ. ‘ಬಿಳಿ... ಒಳ್ಳೇ ಬೆಣ್ಣೆ ಹಂಗಿದೆ.’

‘ಬೆಣ್ಣೆ ಹಂಗಲ್ವೋ, ಬೆಣ್ಣೇನೇ! ನನ್ ಬೆಣ್ಣೆ! ನನ್ ಕಸ್ಟರ್ಡು, ನನ್ ಪೀಚು, ನನ್ ಒಂದ್ ತಿಂಗಳ ಊಟ! ನೀವಿಬ್ರೂ ಗಂಡ ಹೆಂಡ್ತಿ ಕೂತು ನನ್ನ ಒಂದ್ ತಿಂಗಳ ಊಟ ತಿಂತಾ ಇದೀರೇನೋ!’

ಪರ್ಸಿ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದರಿಂದ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ನಾನೇ ನಂಬುತ್ತಿರಲಿಲ್ಲ. ಅತ್ತೆ ಸಿಟ್ಟಿನಲ್ಲಿ ಆ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಕುಡಿದರು. ಕೊನೆಯ ಹನಿಯವರೆಗೂ ಕುಡಿದರು! ಬಾಯಿ ಒರೆಸಿಕೊಂಡು, ‘ಉಳಿದಿದ್ದೆಲ್ಲಿ?’ ಅಂದರು.

‘ಪಾತ್ರೇಲಿದೆ ಆಂಟಿ, ನಾವಿನ್ನೂ ಒಂದು ರೆಕ್ಕೆ ಮಾತ್ರ...’

‘ಮೆರೆಯಾನಾ, ನನ್ ಕೋಲು ಕೊಡು.’

ಆಸ್ಪತ್ರೆಯಿಂದ ಬಂದ ಮೇಲೆ ಹೊಸ್ತಿಲು ದಾಟದ ನಿನ್ನ ತಾಯಿ ಹಿತ್ತಿಲು ದಾಟಿ, ಬೇಲಿಯ ಗೇಟು ತಳ್ಳಿ, ಎದುರು ಗಾಳಿಗೆ ಕೋಲು ಊರುತ್ತಾ ನೋಲಾಳ ಅಡುಗೆಮನೆಗೆ ನಡೆದರು. ಹಿಂದೆ ನಾನು, ನನ್ನ ಹಿಂದೆ ಟೋಪಿ ಹಿಡಿದ ಪರ್ಸಿ. ನೋಲಾ ಪಾಪ, ಪಾತ್ರೆ ಇಳಿಸಿಕೊಟ್ಟಳು. ಅತ್ತೆ ಮುಚ್ಚಳ ತೆರೆದು ನೋಡಿ, ‘ಅಯ್ಯೋ ನೋಲಾ, ಈರುಳ್ಳಿ ಹುರಿದೇ ಇಲ್ವಲ್ಲೇ. ಹಿಟ್ಟಿನ ಉಂಡೆ ಎಲ್ಲಿ? ವೆಕಾನ ಕೋಳಿ ಅನ್ಕೊಂಡ್ಯಾ?’ ಅಂದರು. ಕಳುವಿನ ಮಾಲನ್ನು ವಾಪಸು ತರುವ ಠೀವಿಯಲ್ಲಿ ನಮ್ಮ ಮೆರವಣಿಗೆ ಮರಳಿತು. ಪಾತ್ರೆ ಹೊತ್ತವನು ಪರ್ಸಿಯೇ.

ಆಮೇಲೆ ನಮ್ಮ ಒಲೆ ಉರಿಯಿತು. ಅತ್ತೆ ಕುರ್ಚಿಯನ್ನು ಕಿಟಕಿಯಿಂದ ಒಲೆಯ ಪಕ್ಕಕ್ಕೆ ಎಳೆಸಿದರು. ಸಾರಿನ ಮೇಲೆ ತೇಲಿದ ಕೊಬ್ಬನ್ನು ತೆಗೆಸಿ, ಅದೇ ಕೊಬ್ಬಿನಲ್ಲಿ ಈರುಳ್ಳಿಯನ್ನು ಅಂಚು ಕಪ್ಪಾಗುವವರೆಗೆ ಹುರಿಸಿದರು. ಮೈದಾಹಿಟ್ಟಿಗೆ ಉಪ್ಪು, ಸೋಡಾ, ಸ್ವಲ್ಪ ಕೊಬ್ಬು ಸೇರಿಸಿ ಬೆರಳ ತುದಿಯಲ್ಲೇ ಕಲಸಬೇಕು, ನಾದಬಾರದು. ನಾನು ನಾದಿದೆ, ಕೈಮೇಲೆ ಏಟು ಬಿತ್ತು. ಅವರೇ ಕಲಸಿ ಉಂಡೆ ಮಾಡಿ ಕುದಿಯುವ ಸಾರಿಗೆ ಬಿಟ್ಟು ಮುಚ್ಚಳ ಮುಚ್ಚಿದರು. ‘ಈಗ ತೆಗೆದ್ಯೋ, ಉಂಡೆ ಕಲ್ಲಾಗುತ್ತೆ. ಬಾಯಿ ಮುಚ್ಕೊಂಡಿರೋದು ಪಾತ್ರೆಗೂ ಗೊತ್ತು, ನಿಂಗೇ ಗೊತ್ತಿಲ್ಲ’ ಅಂದರು. ಮನೆಯೆಲ್ಲ ಆ ವಾಸನೆ. ನಿನಗೆ ಗೊತ್ತು ಆ ವಾಸನೆ. ಹುಲ್ಲು, ಉಪ್ಪು, ಹುರಿದ ಈರುಳ್ಳಿ, ಒದ್ದೆಯಾದ ಕೋಟು ಒಲೆಯ ಮುಂದೆ ಒಣಗುವ ಬಿಸಿ. ಅವರು ಎರಡು ಬಟ್ಟಲು ಉಂಡರು. ನಾನೂ ಉಂಡೆ. ಪರ್ಸಿಯನ್ನೂ ಕೂರಿಸಿ, ‘ತಿನ್ನೋ, ನಿನ್ ನಾಯಿ ಕೂಲಿ’ ಎಂದು ಬಡಿಸಿದರು.

ಇವತ್ತು ಬೆಳಿಗ್ಗೆ ನರ್ಸ್ ಬ್ರೆಂಡಾ ಬಂದಾಗ ಅತ್ತೆ ಮಿಕ್ಕ ಸಾರು ಬಿಸಿಮಾಡಿಸಿಕೊಂಡು ಒಂದು ಮೂಳೆ ಚೀಪುತ್ತಿದ್ದರು. ಬ್ರೆಂಡಾ ಅವರ ನಾಡಿ ನೋಡಿದಳು, ಕೆನ್ನೆ ನೋಡಿದಳು, ಆಮೇಲೆ ಬಟ್ಟಲು ನೋಡಿದಳು.

‘ಇದು... ವೆಕಾನಾ? ನಮ್ಮೂರಲ್ಲಿ ಇದು ಕಾಪಾಡಿಟ್ಟಿರೋ ಹಕ್ಕಿ! ಕೊಂದ್ರೆ ಕೋರ್ಟಿಗೆ ಎಳೀತಾರೆ!’

‘ಅದಕ್ಕೇ ಕಣಮ್ಮ ನಾನು ನಿಮ್ಮೂರಿಗೆ ಬರಲ್ಲ ಅಂತಿರೋದು’ ಅಂದರು ಅತ್ತೆ.

ಹುಡುಗಿ ತಡೆಯಲಾರದೆ ನಕ್ಕಳು. ಹೊರಡುವಾಗ ಬಾಗಿಲಲ್ಲಿ ನನಗೆ ಹೇಳಿದಳು: ಹೀಗೆ ಉಣ್ಣುವುದಾದರೆ ಅವರು ಇಲ್ಲಿರುವುದಕ್ಕೆ ಅವಳ ಅಡ್ಡಿಯಿಲ್ಲ, ಎರಡು ದಿನಕ್ಕೊಮ್ಮೆ ಬಂದು ನೋಡುತ್ತಾಳೆ. ಆದರೆ ಹಾಸಿಗೆ ಗೊತ್ತುಮಾಡಿದವನು ಮಗ. ಬೇಡವೆನ್ನಬೇಕಾದವನೂ ಅವನೇ.

ಆದ್ದರಿಂದ ಆ ಮಾತನ್ನು ನಿನ್ನ ಬಾಯಿಂದಲೇ ಕೇಳುತ್ತಿದ್ದೇನೆ. ಹೆದರಿಸಿ ಅಲ್ಲ, ಕೂಗಿಯೂ ಅಲ್ಲ. ನಿನ್ನ ಭಯ ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡ. ನನ್ನ ಮಾವನನ್ನು, ನಿನ್ನಪ್ಪನನ್ನು, ಕೋಟಿನಲ್ಲಿ ಸುತ್ತಿ ವಿಮಾನ ಇಳಿಯುವ ಬಯಲಿನಲ್ಲಿ ಹಿಡಿದು ಕೂತವನು ನೀನು. ಮೇಲೆ ಮಂಜಿನಲ್ಲಿ, ಆಸ್ಪತ್ರೆಗೆ ಒಯ್ಯಲು ಬಂದ ವಿಮಾನ ಸುತ್ತಿದ ಸದ್ದು ಕೇಳಿದವನು ನೀನು; ಇಳಿಯಲಾಗದೆ ಅದು ಮರಳಿದ್ದೂ, ಮಾವನ ಕೈ ತಣ್ಣಗಾದದ್ದೂ ನಿನಗೇ ಗೊತ್ತು. ನಾನು ಆ ದಿನದ ಮಾತೆತ್ತದೆ ಬರೀ ಒಲೆಯ ಮಾತಾಡಿದೆ, ನೀನು ಬರೀ ಆಸ್ಪತ್ರೆಯ ಮಾತಾಡಿದೆ. ಮಂಜು ಮತ್ತೆ ಬರುತ್ತದೆ ತಿಪೇನೆ. ಅವರಿಗೆ ಮತ್ತೆ ಎದೆ ಕಟ್ಟಬಹುದು, ವಿಮಾನ ಇಳಿಯದಿರಬಹುದು. ಹಾಗಾಗದು ಎಂದು ನಾನು ಮಾತು ಕೊಡಲಾರೆ. ನಿನ್ನೆ ಸಂಜೆ ಇದನ್ನೇ ಅತ್ತೆಗೂ ಹೇಳಿದೆ. ‘ಗೊತ್ತು ಕಣೇ. ಅವತ್ತು ಅವರಪ್ಪ ಒಬ್ರೇ ಹೋಗ್ಲಿಲ್ಲ, ಮಗನ ತೋಳಲ್ಲಿ ಹೋದ್ರು. ಅದನ್ನ ಯಾರೂ ಆ ಹುಡುಗನಿಗೆ ಹೇಳೇ ಇಲ್ಲ’ ಅಂದರು.

ಈಗ ಹೇಳಿದ್ದೇನೆ.

ಹಕ್ಕಿಯ ಒಂದು ಕಾಲನ್ನು ಕೊಬ್ಬಿನಲ್ಲಿ ಮುಳುಗಿಸಿ ತಣ್ಣಗಿನ ಕಪಾಟಿನಲ್ಲಿ ನಿನಗಾಗಿ ಎತ್ತಿಟ್ಟಿದ್ದಾರೆ. ನೋಲಾ ಒಮ್ಮೆ ಅದರತ್ತ ನೋಡಿ ಬೈಸಿಕೊಂಡಿದ್ದಾಳೆ. ಶನಿವಾರ ಕರೆದೊಯ್ಯಲು ಬರುವೆನೆಂದಿದ್ದೆಯಲ್ಲ, ಉಣ್ಣಲು ಬಾ. ಉಂಡ ಮೇಲೂ ನಿನಗೆ ಅವರನ್ನು ವಿಮಾನ ಹತ್ತಿಸಬೇಕು ಎನಿಸಿದರೆ, ಸೂಟ್‌ಕೇಸನ್ನು ನಾನೇ ಹೊತ್ತು ತರುತ್ತೇನೆ. ಒಂದು ಬಟ್ಟಲೂ ಗಲಗುಟ್ಟುವುದಿಲ್ಲ.

ಒಲೆಯ ಮುಂದಿನಿಂದ, ಹಿಟ್ಟು ಮೆತ್ತಿದ ಕೈಯಿಂದ,
ಮೆರೆಯಾನಾ

ಮರೆತ ಮಾತು: ಇದು ನಾನು ನಿನಗೆ ಬರೆದ ಮೊದಲ ಪತ್ರವಲ್ಲ. ನಿನ್ನೆ ಅತ್ತೆ ಎರಡನೆಯ ಬಟ್ಟಲು ಉಣ್ಣುತ್ತಿದ್ದಾಗಲೇ, ಅವರ ಎದುರಿಗೇ ಕೂತು, ಒಂದು ಸಾಲಿನ ಚೀಟಿ ಬರೆದಿದ್ದೆ: ‘ಅವ್ವ ಉಳಿಯುವ ಲಕ್ಷಣವಿಲ್ಲ, ತಕ್ಷಣ ಬಾ.’ ಅದನ್ನು ಕಳಿಸಿದ್ದರೆ ನೀನು ಇವತ್ತು ಕತ್ತಲಾಗುವುದರೊಳಗೆ ಈ ಬಾಗಿಲಲ್ಲಿರುತ್ತಿದ್ದೆ. ಆದರೆ ಕೈಂಗರೋವಾದಿಂದ ಬರುವ ಕೆರೆದಂಡೆಯ ದಾರಿಯುದ್ದಕ್ಕೂ ನಿನ್ನ ಎದೆ ಹೇಗೆ ಬಡಿದುಕೊಳ್ಳುತ್ತಿತ್ತು ಎಂದು ನೆನೆದು ಒಲೆಗೆ ಹಾಕಿದೆ. ಈಗ ನಿಜ ಗೊತ್ತಾಯಿತಲ್ಲ, ನೀನು ಬಾರದೆಯೂ ಇರಬಹುದು. ಇರಲಿ. ಸಾಯುವವರನ್ನು ನೋಡಲು ನೀನು ಓಡಿ ಬರುವುದು ನನಗೆ ಬೇಡ. ಬದುಕಿರುವವರನ್ನು ನೋಡಲು ಬಾ. ಈ ಮನೆಯಲ್ಲಿ ಅಂಥವರು ಇಬ್ಬರಿದ್ದೇವೆ.